ಕುಂದರತೈತಿ ಬಿಡ್ರಿ

ನನ್ನ ಕೊರಳಲ್ಲಿ ಸದಾ ತೂಗಾಡುವ ಅಳತೆ ಟೇಪಿನ ಮೇಲೆ ಒಂದು ಕರಿ ಕಲೆ ಇದೆ. ಗ್ರೀಸಿನ ಕಲೆ. ಸೋಪಿಗೂ ಹೋಗಲಿಲ್ಲ, ಸೀಮೆಎಣ್ಣೆಗೂ ಹೋಗಲಿಲ್ಲ. ಅಳತೆ ಕೊಡಲು ಬಿಳಿ ಅಂಗಿ ತೊಟ್ಟು ಬರುವ ಗಿರಾಕಿಗಳು ಮೊದಲು ಆ ಕಲೆಯನ್ನು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಆಮೇಲೆ ಟೇಪು ತಾಗದಿರಲೆಂದು ಹೊಟ್ಟೆಯನ್ನು ಒಳಗೆಳೆದುಕೊಂಡು ನಿಲ್ಲುತ್ತಾರೆ. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟವರ ಅಂಗಿಯ ಗತಿ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಉಸಿರು ಬಿಟ್ಟ ದಿನ ಗುಂಡಿ ಹಾರುತ್ತದೆ, ಬೈಸಿಕೊಳ್ಳುವವನು ದರ್ಜಿ.

"ಹೊಸಾದೊಂದು ಟೇಪ್ ತಗೋಬಾರದೇನ್ರಿ ಮಲ್ಲೇಶಣ್ಣಾ?" ಎಂದು ಹಾವೇರಿಯ ನನ್ನ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ತಗೊಂಡಿದ್ದೇನೆ, ಮೇಜಿನ ಖಾನೆಯಲ್ಲಿದೆ. ಆದರೆ ಅದು ಮನುಷ್ಯರನ್ನಷ್ಟೇ ಅಳೆದ ಟೇಪು. ಇದು ಪಿಕಪ್ ಗಾಡಿಯ ಹಿಂಭಾಗವನ್ನು ಅಳೆದಿದೆ. ಅದರ ಮರ್ಯಾದೆಯೇ ಬೇರೆ.

ಆ ಕಥೆಗೆ ಹೋಗುವ ಮೊದಲು ನಮ್ಮ ಕಡೆಯ ಒಂದು ಶಬ್ದವನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಬೆಂಗಳೂರಿನವರು 'ಫಿಟ್ ಆಗುತ್ತೆ' ಎನ್ನುವ ಜಾಗದಲ್ಲಿ ನಾವು 'ಕುಂದರತೈತಿ' ಎನ್ನುತ್ತೇವೆ. ಅಂದರೆ, ಕೂರುತ್ತದೆ. ಬೋಲ್ಟಿಗೆ ನಟ್ಟು ಕುಂದರತೈತಿ, ಕೊರಳಿಗೆ ಕಾಲರು ಕುಂದರತೈತಿ, ಹುಡುಗನಿಗೆ ಹುಡುಗಿ ಕುಂದರತೈತಿ. ಕೇಳಲು ಎರಡೂ ಒಂದೇ ಅನಿಸಬಹುದು, ಆದರೆ ಅಲ್ಲ. ಫಿಟ್ ಆಗುವುದು ವಸ್ತುವಿನ ಗುಣ, ಕುಂದ್ರುವುದು ಕುಂದ್ರಿಸುವವನ ಹಠ. ಮೂವರ ಸೀಟಿನಲ್ಲಿ ಮೂವರು ಕೂತಿರುವ ಬಸ್ಸಿಗೆ ಹತ್ತಿ, "ಒಂದೀಟು ಸರೀರಿ, ಕುಂದರತೈತಿ" ಎನ್ನುವ ಹೆಂಗಸನ್ನು ನೀವು ನೋಡಿರಬೇಕು. ಆಕೆ ಕೇಳುತ್ತಿಲ್ಲ, ತಿಳಿಸುತ್ತಿದ್ದಾಳೆ. ರಾಣೇಬೆನ್ನೂರು ಬರುವುದರೊಳಗೆ ಆಕೆ ಕಿಟಕಿಯ ಬದಿಗೆ ಇರುತ್ತಾಳೆ, ನೀವು ಕಂಬಿ ಹಿಡಿದು ನಿಂತಿರುತ್ತೀರಿ.

ನಾನು ಬೆಳೆದದ್ದೇ ಈ ಶಬ್ದದ ಹೊಡೆತದಲ್ಲಿ. ಅಪ್ಪ ನನ್ನ ಅಣ್ಣ ಈರಣ್ಣನಿಗೆ ಶಾಲೆಯ ಬೂಟು ಕೊಡಿಸುವಾಗ "ಬೆಳಿಯೋ ಕಾಲು" ಎಂದು ದೊಡ್ಡದನ್ನೇ ಆರಿಸುತ್ತಿದ್ದ. ಅದು ಅಣ್ಣನ ಕಾಲಿಗೆ ಸರಿಯಾಗುವ ಹೊತ್ತಿಗೆ ಹರಿದಿರುತ್ತಿತ್ತು. ಹರಿದದ್ದು ನನಗೆ ಬರುತ್ತಿತ್ತು. "ಮುಂದ ಹಳೇ ಅರಿವಿ ತುರಕು, ಕುಂದರತೈತಿ" ಎನ್ನುತ್ತಿದ್ದಳು ಅವ್ವ. ಒಂದು ಆಗಸ್ಟ್ ಹದಿನೈದರಂದು ಕವಾಯತಿನಲ್ಲಿ ನನ್ನ ಎಡಗಾಲು ಮುಂದೆ ಹೋಯಿತು, ಎಡಗಾಲಿನ ಬೂಟು ನಿಂತಲ್ಲೇ ನಿಂತಿತು. ಹಿಂದಿನ ಸಾಲಿನವರು ಅದನ್ನು ಒಬ್ಬರಿಂದೊಬ್ಬರಿಗೆ ಒದ್ದುಕೊಳ್ಳುತ್ತ ಧ್ವಜಕಟ್ಟೆಯವರೆಗೆ ತಂದರು. ಜೀವನದಲ್ಲಿ ಒಮ್ಮೆಯಾದರೂ ನನ್ನ ಅಳತೆಯದೇ ಒಂದು ವಸ್ತುವನ್ನು ತೊಡಬೇಕೆಂಬ ಛಲ ಅಂದೇ ಹುಟ್ಟಿತು. ಆ ಛಲಕ್ಕೆ ದರ್ಜಿಯಾದೆ. ಅಂಗಡಿ ತೆರೆದು ಮೊದಲ ಗಿರಾಕಿಗೆ ಅಂಗಿ ಹೊಲಿದೆ. ಅದು ಅವನ ಭುಜದಿಂದ ಇಳಿದು ಮೊಣಕೈ ಕಡೆ ಹೊರಟಿತ್ತು. ನಾನು ಅವನ ಬೆನ್ನು ಸವರಿ ಹೇಳಿದೆ: "ಒಂದ್ಸಲ ಒಗದ ಮ್ಯಾಲ ಕುಂದರತೈತ್ರಿ."

ಇರಲಿ, ಗಾಡಿಗೆ ಬರೋಣ. ಅಣ್ಣ ಈರಣ್ಣ ಅಗಡಿಯಲ್ಲಿ ಹೊಲ ನೋಡಿಕೊಂಡಿದ್ದಾನೆ. ಹೊಲದಲ್ಲಿ ಮೆಣಸಿನಕಾಯಿ, ಮನೆ ಮುಂದೆ ಪಿಕಪ್. ಗಾಡಿಗೆ ವಯಸ್ಸಾಗಿದೆ, ತಯಾರಿಸಿದ ಕಂಪನಿಗೇ ಅದರ ನೆನಪಿಲ್ಲ. ಮುಂದಿನ ಗಾಜಿನ ಮೇಲೆ 'ಅಗಡಿ ಹುಲಿ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದಾನೆ. ಈ ಹುಲಿ ಏರು ಕಂಡರೆ ಕೆಮ್ಮುತ್ತದೆ, ಇಳಿಜಾರಿನಲ್ಲಿ ಗರ್ಜಿಸುತ್ತದೆ. ಪ್ರತಿ ವರ್ಷ ಮೆಣಸಿನಕಾಯಿ ಚೀಲಗಳನ್ನು ಹೊತ್ತು ಬ್ಯಾಡಗಿಯ ಮಾರ್ಕೆಟ್ಟಿಗೆ ಹೋಗುವುದು ಅದರ ಕಾಯಕ. ಉಳಿದ ದಿನಗಳಲ್ಲಿ ದಾರಿಯಲ್ಲಿ ನಿಂತು ನನಗೆ ಫೋನ್ ಮಾಡಿಸುವುದು ಅದರ ಹವ್ಯಾಸ.

ಹೋದ ಸುಗ್ಗಿಗೆ ಮುಂಚೆ ಗೋವಿನಜೋಳ ಹೇರಿಕೊಂಡು ಹೋಗುವಾಗ ಬ್ಯಾಡಗಿ ಕ್ರಾಸಿನ ಬಳಿ ಹುಲಿ ಕೂತಿತು. ಅಲ್ಲೊಂದು ರೋಡ್ ಹಂಪ್ ಇದೆ. ಯಾವ ಪುಣ್ಯಾತ್ಮ ಅದನ್ನು ಹಾಕಿಸಿದನೋ, ಬಣ್ಣ ಬಳಿಸುವ ಮೊದಲೇ ವರ್ಗವಾಗಿ ಹೋಗಿರಬೇಕು. ಅದರ ಮೇಲೆ ಹಾರಿ ಬಿದ್ದ ಗಾಡಿಯ ಹಿಂದಿನ ಗಾಲಿಗಳೆರಡೂ ಆಚೀಚೆ ವಾಲಿದವು. ಹಾವೇರಿಯ ಮೌನೇಶಿ ಮಿಸ್ತ್ರಿ ಬಂದು ಕೆಳಗೆ ತೂರಿ ನೋಡಿ, "ಹೌಸಿಂಗ್ ಹೋತ್ರಿ" ಎಂದ. ಹಿಂದಿನ ಎರಡು ಗಾಲಿಗಳನ್ನು ಹಿಡಿದಿಟ್ಟುಕೊಳ್ಳುವ ಅಚ್ಚು ಇದೆಯಲ್ಲ, ಅದರ ಕಬ್ಬಿಣದ ಕವಚವನ್ನು ಗ್ಯಾರೇಜಿನವರು ಹೌಸಿಂಗ್ ಎನ್ನುತ್ತಾರೆ. ಅಣ್ಣ ಮನೆಗೆ ಫೋನ್ ಮಾಡಿ, "ಹೌಸಿಂಗ್ ಹೋತು" ಎಂದು ಅಳುವ ದನಿಯಲ್ಲಿ ಹೇಳಿದ. ವೈನಿ, ಅಂದರೆ ಅವನ ಹೆಂಡತಿ ಗೌರವ್ವ, ಪಂಚಾಯ್ತಿಯಲ್ಲಿ ಮನೆಗೆ ಅರ್ಜಿ ಹಾಕಿ ಕಾಯುತ್ತಿದ್ದಳು. ಅವಳ ಲೋಕದಲ್ಲಿ ಹೌಸಿಂಗ್ ಎಂದರೆ ಅದೊಂದೇ. "ಹೋತs? ಯಾರ ಹೆಸರಿಗೆ ಹೋತು? ಆ ಮೆಂಬರನ ಅಳಿಯಗ ಹೋತೇನು?" ಎಂದು ಸೆರಗು ಸಿಗಿಸಿಕೊಂಡು ಪಂಚಾಯ್ತಿ ಕಡೆ ಹೊರಟೇಬಿಟ್ಟಳು. ಗಾಡಿಯ ವಿಷಯ ಅವಳಿಗೆ ತಿಳಿಯುವುದರೊಳಗೆ ಮೆಂಬರು ಮಾಡಿದ, ಮಾಡದ ಎಲ್ಲ ತಪ್ಪುಗಳನ್ನು ಒಪ್ಪಿಕೊಂಡಿದ್ದ.

ಮಿಸ್ತ್ರಿ ಹೇಳಿದ್ದು ಸ್ಪಷ್ಟವಾಗಿತ್ತು. "ವೆಲ್ಡಿಂಗ್ ಹಚ್ಚಿದ್ರ ನಿಲ್ಲಂಗಿಲ್ಲ. ಹೊಸಾದು ಸಿಗಂಗಿಲ್ಲ, ಕಂಪ್ನಿಯವರು ಬಂದ್ ಮಾಡ್ಯಾರ. ಗುಜರ್ಯಾಗ ಇಂಥಾದ್ದ ಗಾಡಿದು ಹಳೇದು ಸಿಕ್ಕರ ಇದು ಎದ್ದು ಓಡಾಡತೈತಿ. ಸಿಗಲಿಲ್ಲಂದ್ರ ಇದನ್ನs ಗುಜರಿಗೆ ಹಾಕೋದು ಪಾಡ."

ಅಣ್ಣ ಹುಲಿಗೆ ಅಡ್ಡಲಾಗಿ ನಿಂತ. ಹೊಲದಲ್ಲಿ ಕಾಯಿ ಕೆಂಪಾಗತೊಡಗಿತ್ತು. "ನನ್ನ ಗಾಡಿ ಕೈಕಾಲು ಬಿಚ್ಚಿ ಮಂದಿ ಗಾಡಿಗೆ ಹಚ್ಚೋದಾ? ನಾ ಬದುಕಿದ್ದಾಗ ಆಗೂದಿಲ್ಲ" ಎಂದ. ಮಂದಿ ಗಾಡಿಯ ಕೈಕಾಲು ಬಿಚ್ಚಿ ತನ್ನ ಗಾಡಿಗೆ ಹಚ್ಚಲು ಅವನ ಅಡ್ಡಿಯೇನೂ ಇರಲಿಲ್ಲ. ಈ ಹುಡುಕಾಟಕ್ಕೆ ನಾನೇಕೆ ಎಂದರೆ, "ನೀ ಅಳತೀ ಮನಿಷ್ಯಾ ಅದೀ, ಬಾ" ಎಂದ. ಖರೇ ಹೇಳಬೇಕೆಂದರೆ ಆ ಗಾಡಿ ಗುಜರಿ ಸೇರಿದರೆ ನನ್ನ ಫೋನಿಗಾದರೂ ಶಾಂತಿ ಸಿಗುತ್ತದೆಂದು ನನಗೆ ಒಳಗೊಳಗೇ ಅನಿಸಿತ್ತು. ಆದರೂ ಟೇಪು ಕೊರಳಿಗೆ ಹಾಕಿಕೊಂಡು ಹೋದೆ. ಅಣ್ಣನ ಹರಿದ ಬೂಟು ಹಾಕಿಕೊಂಡು ಬೆಳೆದವನಿಗೆ ಅವನ ಹಿಂದೆ ಹೋಗುವುದು ಕಾಲಿಗೇ ರೂಢಿಯಾಗಿರುತ್ತದೆ.

ಹಾವೇರಿಯ ಗುಜರಿಗಳಲ್ಲಿ ಸಿಗಲಿಲ್ಲ. ರಾಣೇಬೆನ್ನೂರಿಗೆ ಹೋದೆವು. ಅಲ್ಲಿ ಗದಿಗೆಪ್ಪ ಎಂಬ ಗುಜರಿಯವನಿದ್ದಾನೆ. ಅವನ ಬಾಯಲ್ಲಿ 'ಇಲ್ಲ' ಎಂಬ ಶಬ್ದವನ್ನು ಅವನ ಹೆಂಡತಿಯೂ ಕೇಳಿರಲಿಕ್ಕಿಲ್ಲ. ಬಾಗಿಲುಗಳ ರಾಶಿ, ಗಾಲಿಗಳ ರಾಶಿ, ಕಣ್ಣು ಕಿತ್ತ ಹೆಡ್‌ಲೈಟುಗಳ ಗೋಡೆ, ನಡುವೆ ಬಸ್ಸಿನಿಂದ ಕಿತ್ತು ತಂದ ಸೀಟಿನ ಮೇಲೆ ಗದಿಗೆಪ್ಪ. ಬಂದವರಿಗೆ ಕಾರಿನ ಸೀಟು.

"ಬರ್ರಿ, ಕುಂದ್ರಿ" ಎಂದ. ಕೂತೆವು. ಸೀಟಿಗೆ ಬೆಲ್ಟೂ ಇತ್ತು, ಆದರೆ ಅವನ ಮಾತು ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಹಾಕಿಕೊಳ್ಳಬೇಕೆಂದು ಹೊಳೆಯಲಿಲ್ಲ.

ಅಣ್ಣ ಗಾಡಿಯ ಮಾಡಲ್ ಹೇಳಿದ. "ಈ ಮಾಡಲ್ಲಿಂದು ಹೌಸಿಂಗ್ ಐತೇನ್ರಿ?"

"ಮಾಡಲ್ ತಗೊಂಡು ಏನ್ ಮಾಡ್ತೀರಿ ಯಜಮಾನ್ರ? ನಿಮಗ ಗಾಡಿ ಓಡಬೇಕೋ, ಮಾಡಲ್ ಓಡಬೇಕೋ? ಐತಿ. ಕುಂದರತೈತಿ."

"ಬಿದ್ದ ಗಾಡಿದಲ್ಲ ಹೌದಿಲ್ಲೋ?" ಇದು ವೈನಿ ಹೇಳಿಕಳಿಸಿದ ಪ್ರಶ್ನೆ. ಅಪಘಾತವಾದ ಗಾಡಿಯ ಸಾಮಾನು ಮನೆಗೆ ತರಬಾರದೆಂಬುದು ಅವಳ ನೇಮ.

"ಯವ್ವಾ! ಬಿದ್ದ ಗಾಡಿ ನಾ ಮುಟ್ಟೂದಿಲ್ರಿ" ಎಂದು ಗದಿಗೆಪ್ಪ ಕೆನ್ನೆ ಬಡಿದುಕೊಂಡ. ಅವನ ಅಂಗಳದಲ್ಲಿದ್ದ ಗಾಡಿಗಳೆಲ್ಲ ವಯಸ್ಸಾಗಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಮನೆಯ ಮುಂದೆಯೇ ನೆಮ್ಮದಿಯಿಂದ ಪ್ರಾಣ ಬಿಟ್ಟವು. ಮುಂಭಾಗ ರೊಟ್ಟಿಯಷ್ಟು ಚಪ್ಪಟೆಯಾಗಿದ್ದ ಜೀಪು ಕೂಡ.

ಅವನು ತೋರಿಸಿದ ಹೌಸಿಂಗಿಗೆ ಹೊಸದಾಗಿ ಕೆಂಪು ಬಣ್ಣ ಹೊಡೆದಿತ್ತು. ಅಣ್ಣನಿಗೆ ನೋಡಿದ ಕೂಡಲೇ ಹಿಡಿಸಿತು. ಅದಕ್ಕೆ ಅವನನ್ನು ದೂರಿ ಉಪಯೋಗವಿಲ್ಲ. ಬ್ಯಾಡಗಿ ಕಾಯಿ ಬೆಳೆಯುವವರು ನಾವು, ನಮ್ಮಲ್ಲಿ ಬಣ್ಣಕ್ಕೆ ಬೆಲೆ, ಖಾರವನ್ನು ಯಾರೂ ಕೇಳುವುದಿಲ್ಲ. ನಾನು ಮಾತ್ರ ಬಣ್ಣಕ್ಕೆ ಮರುಳಾಗದೆ ಟೇಪು ಬಿಚ್ಚಿದೆ. ನಮ್ಮ ಗಾಡಿಯ ಅಳತೆಯನ್ನು ಮೊದಲೇ ತೆಗೆದು, ಬೆಂಕಿಪೊಟ್ಟಣದ ಹಿಂದೆ ಬರೆದುಕೊಂಡಿದ್ದೆ. ಪಾಟಾ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿ, ಕೂರುವ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಅಳೆದೆ. ಕರಾರುವಾಕ್ಕು! ಕೂದಲೆಳೆಯ ವ್ಯತ್ಯಾಸವಿಲ್ಲ. ಗದಿಗೆಪ್ಪನಿಗೇ ಆಶ್ಚರ್ಯವಾಗಿ, "ಖರೇನಾ?" ಎಂದ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹೌಸಿಂಗನ್ನು ಟೆಂಪೋದಲ್ಲಿ ತಂದೆವು. ವೈನಿ ಆರತಿ ಮಾಡಿ, ನಿಂಬೆಹಣ್ಣು ನಿವಾಳಿಸಿ ಒಗೆದಳು. ಅಕ್ಕಪಕ್ಕದವರು ನೋಡಲು ಬಂದರು. ಮೌನೇಶಿ ಮಿಸ್ತ್ರಿ ಗಾಡಿಯ ಕೆಳಗೆ ಹೋದ, ಬಡಿದ, ನೂಕಿದ, ಎಳೆದ, ಹೊರಗೆ ಬಂದು ಕೂತು ಬೀಡಿ ಹಚ್ಚಿದ. "ಅಗಲ ಆತ್ರಿ" ಎಂದ. "ಯಾರು ಅಳತಿ ತಗೊಂಡಾವ್ರು?"

ಎಲ್ಲರೂ ನನ್ನನ್ನು ನೋಡಿದರು. ನಾನು ಬೆಂಕಿಪೊಟ್ಟಣ ತೆಗೆದು ನೋಡಿದೆ, ಮತ್ತೆ ಟೇಪು ಹಿಡಿದು ನಮ್ಮ ಗಾಡಿಯನ್ನು ಅಳೆದೆ, ಮತ್ತೆ ಬೆಂಕಿಪೊಟ್ಟಣ ನೋಡಿದೆ. ಕೈ ತನ್ನ ಜೀವಮಾನದ ಅಭ್ಯಾಸವನ್ನು ನಡೆಸಿಬಿಟ್ಟಿತ್ತು. ಯಾರ ಎದೆ ಅಳೆದರೂ, ಸೊಂಟ ಅಳೆದರೂ, ಬರೆಯುವಾಗ ಒಂದೂವರೆ ಇಂಚು ಲೂಸು ಕೂಡಿಸಿಯೇ ಬರೆಯುವ ಕೈ ಅದು. ಗಾಡಿಗೂ ಲೂಸು ಕೊಟ್ಟಿದ್ದೆ.

ಅಣ್ಣ ಬೆಂಕಿಪೊಟ್ಟಣವನ್ನು ನನ್ನ ಕೈಯಿಂದ ಕಸಿದು ನೋಡಿ, "ಯಾಕೋ ತಮ್ಮಾ, ಮುಂದಿನ ವರ್ಷ ಗಾಡಿ ದಪ್ಪ ಆಗತೈತೇನು?" ಎಂದ.

ಅಗಡಿಯವರು ಈ ಮಾತನ್ನು ಇನ್ನೂ ಬಿಟ್ಟಿಲ್ಲ. ನಾನು ಊರಿಗೆ ಹೋದಾಗ ಬಸ್ಸಿಳಿಯುವ ಮುಂಚೆಯೇ ಯಾರಾದರೊಬ್ಬರು ಟ್ರ್ಯಾಕ್ಟರು ತೋರಿಸಿ, "ಮಲ್ಲೇಶಿ, ಇದಕ್ಕ ಒಂದ್ ಸಫಾರಿ ಹೊಲಿತೀಯೇನು?" ಎನ್ನುತ್ತಾರೆ.

ಕೆಂಪು ಹೌಸಿಂಗನ್ನು ಹಿಂದಕ್ಕೆ ಒಯ್ದಾಗ ಗದಿಗೆಪ್ಪ ಎಳ್ಳಷ್ಟೂ ಸಂಕೋಚಪಡಲಿಲ್ಲ. "ಪಾಟಾ ಒಂದೀಟು ಆಕಡೆ ಸರಿಸಿದ್ರ ಕುಂದರತಿತ್ತು" ಎಂದು ನಮಗೇ ಬುದ್ಧಿ ಹೇಳಿದ. ಅಣ್ಣ ಕಾರಿನ ಸೀಟಿನಲ್ಲಿ ಕುಸಿದು ಕೂತ. ಅವನನ್ನು ಹಾಗೆ ನೋಡಿ ಗದಿಗೆಪ್ಪನಿಗೂ ಏನನ್ನಿಸಿತೋ. "ಯಜಮಾನ್ರ, ನಿಮ್ಮಂಥಾದ್ದs ಗಾಡಿ ಇನ್ನೊಂದು ಐತಿ. ಹಲಗೇರ್ಯಾಗ, ಚನ್ನಬಸಪ್ಪ ಅಂತ. ಮಳೀಗಾಲದಿಂದ ನಿಂತೈತಿ. ಅವರೂ ನನ್ನ ಕಡೆ ಬಂದಿದ್ರು. ಫೋನ್ ಹಚ್ಚಲೇನು?" ಎಂದ.

ಫೋನು ಹಚ್ಚಿದ. ನಮ್ಮೆದುರಿಗೇ ಹೇಳಿದ: "ಚನ್ನಬಸಣ್ಣಾರ, ನಿಮ್ಮಂಥಾದ್ದs ಗಾಡಿ ಇರೋ ಅಗಡಿಯವರು ಬಂದಾರ. ಗಾಡಿ ನೋಡಾಕ ಬರ್ತಾರಂತ." ಆ ಕಡೆಯಿಂದ, "ಬರಲಿ, ಬರಲಿ, ಮನಿಗೇ ಬರಲಿ, ಮಾತಾಡೂಣು" ಎಂಬ ಖುಷಿಯ ದನಿ ನಮಗೂ ಕೇಳಿತು. ಇದರಲ್ಲಿ ಸುಳ್ಳೆಂಬುದು ಒಂದಕ್ಷರವೂ ಇರಲಿಲ್ಲ. ಗದಿಗೆಪ್ಪನ ದೊಡ್ಡತನ ಅದೇ. ಅವನು ಎರಡೂ ಕಡೆಯವರಿಗೆ ಎರಡು ಬೇರೆ ಬೇರೆ ಖರೇ ಹೇಳಿದ್ದ.

ವೈನಿ ತಾನೂ ಬರುತ್ತೇನೆಂದು ಹಠ ಹಿಡಿದಳು. ಮಂದಿ ಮನೆಗೆ ಬರಿಗೈಲಿ ಹೋಗಬಾರದೆಂದು ಮನೆಯಲ್ಲೇ ಕುಟ್ಟಿದ ಖಾರಪುಡಿ ಕಟ್ಟಿಕೊಂಡಳು. ಹಲಗೇರಿಯಲ್ಲಿ ಚನ್ನಬಸಪ್ಪ ಓಣಿಯ ತುದಿಗೇ ಬಂದು ನಿಂತಿದ್ದರು. ಎತ್ತರದ ಆಳು, ತಲೆಗೆ ರುಮಾಲು, ಅಣ್ಣನಿಗಿಂತ ತುಸು ಹಿರಿಯರು. ಕಾಲಿಗೆ ನೀರು ಕೊಟ್ಟರು, ಕಂಬಳಿ ಹಾಸಿದರು, ಒಗ್ಗರಣಿ ಚುರಮುರಿ, ಮೇಲೆ ಬಿಸಿ ಮಿರ್ಚಿ ಭಜಿ. ಗಾಡಿ ಮಾರುವವರು ಇಷ್ಟು ಉಪಚಾರ ಮಾಡುತ್ತಾರೆಂದರೆ ಪಾಪ, ಬಹಳ ಗರಜಿನಲ್ಲಿದ್ದಾರೆ ಎಂದು ಅಣ್ಣ ನನ್ನ ಕಿವಿಯಲ್ಲಿ ಮರುಗಿದ. ಅವರ ಹೆಂಡತಿ ನೀಲವ್ವ, ವೈನಿಯ ಖಾರಪುಡಿಯ ಬಣ್ಣ ನೋಡಿ ಒಳಗೆ ಕರೆದೊಯ್ದಳು.

ಗಾಡಿ ಬೇವಿನ ಮರದ ಕೆಳಗಿತ್ತು. ಥೇಟ್ ನಮ್ಮದೇ. ಹಿಂದಿನ ಬಾಗಿಲ ಮೇಲೆ 'ಹಲಗೇರಿ ಹುಲಿ' ಎಂದು ಬರೆದಿತ್ತು. ಜಗತ್ತಿನಲ್ಲಿ ಹುಲಿಗಳಿಗೆ ಬರ ಬಂದಿದೆ ಎನ್ನುವವರು ನಮ್ಮ ಜಿಲ್ಲೆಯ ಪಿಕಪ್ಪುಗಳನ್ನು ಒಮ್ಮೆ ನೋಡಬೇಕು. ಅಣ್ಣ ಬಗ್ಗಿ ಹೌಸಿಂಗ್ ನೋಡಿದ, ಅವನ ಕಣ್ಣು ಮಿನುಗಿದವು.

"ಹಿಂದಿಂದು ಗಟ್ಟಿ ಐತಲ್ರಿ" ಎಂದ.

"ಕಲ್ಲಿದ್ದಂಗ ಐತಿ" ಎಂದರು ಚನ್ನಬಸಪ್ಪ ಹೆಮ್ಮೆಯಿಂದ. "ನಿಮ್ಮ ಗಾಡೀದು ಎಂಜಿನ್ ಹೆಂಗೈತ್ರಿ?"

"ಎಂಜಿನ್? ಬಂಗಾರ! ಕೀಲಿ ತಿರುವೂದರಾಗ ಹತ್ತತೈತಿ. ಒಂದ ಹನಿ ಆಯಿಲ್ ಸೋರಂಗಿಲ್ಲ."

"ಹಂಗಂದ್ರ ಛಲೋ ಆತು" ಎಂದು ಚನ್ನಬಸಪ್ಪ ಅಣ್ಣನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದರು. ಅವರು ಕೇಳಿದಷ್ಟೂ ಅಣ್ಣ ಎಂಜಿನ್ನಿನ ಗುಣಗಾನ ಮಾಡಿದ, ಅಣ್ಣ ಕೇಳಿದಷ್ಟೂ ಅವರು ಹೌಸಿಂಗಿನ ಗುಣಗಾನ ಮಾಡಿದರು. ಇಷ್ಟು ಒಳ್ಳೆಯ ಮನುಷ್ಯರು ಒಬ್ಬರಿಗೊಬ್ಬರು ಇಷ್ಟು ದಿನ ಗೊತ್ತಿರಲಿಲ್ಲವಲ್ಲ ಎಂದು ನನಗೇ ಬೇಸರವಾಯಿತು. ಕೊನೆಗೆ ಇಬ್ಬರೂ ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಒಂದೇ ಉಸಿರಿಗೆ ಕೇಳಿದರು:

"ಹಂಗಾರ ಬಿಚ್ಚಾಕ ಯಾವಾಗ ಬರೂಣ್ರಿ?"



"ಏನ್ ಬಿಚ್ಚಾಕ?" ಎಂದ ಅಣ್ಣ.

"ನಿಮ್ಮ ಎಂಜಿನ್ರಿ. ನಮ್ಮ ಗಾಡಿ ಎಂಜಿನ್ ಜಾಮ್ ಆಗೇತಲ್ಲ. ನೀವು ಗಾಡಿ ಮಾರಾಕ ಬಂದೀರಿ ಹೌದಿಲ್ಲೋ?"

"ನಾನ್ಯಾಕ ಮಾರ್ಲಿ? ಮಾರಾವ್ರು ನೀವು!"

"ನಾ ಮಾರಾಂವಾ? ನನ್ನ ಹುಲೀನ? ತಿಂದ ಮಿರ್ಚಿ ಬಾಯಾಗ ಇರೂವಾಗs ಹಿಂಗಂತೀರಲ್ಲ!"

ಆಮೇಲೆ ನಡೆದದ್ದನ್ನು ವಿವರವಾಗಿ ಬರೆಯುವುದು ಮರ್ಯಾದೆಯಲ್ಲ. ಎರಡೂ ಕಡೆಯವರು ಗಾಡಿಗಳನ್ನು ಬಿಟ್ಟು ಊರುಗಳಿಗೆ ಹೋದರು, ಊರು ಬಿಟ್ಟು ಹಿರಿಯರಿಗೆ ಹೋದರು. ಚನ್ನಬಸಪ್ಪ ಅಗಡಿಯ ಹುಲಿ ಬೆಕ್ಕೆಂದರು. ಅಣ್ಣ ಹಲಗೇರಿಯ ಹುಲಿಯಲ್ಲಿ ನಿಜವಾಗಿಯೂ ಬೆಕ್ಕಿದೆಯೆಂದ. ಇದ್ದದ್ದು ಹೌದು. ಡ್ರೈವರ್ ಸೀಟಿನ ಮೇಲೆ ಒಂದು ಬೂದು ಬೆಕ್ಕು ಮರಿ ಹಾಕಿಕೊಂಡು ಮಲಗಿತ್ತು, ಗಲಾಟೆಗೆ ಒಂದು ಕಣ್ಣು ತೆರೆದು ನಮ್ಮನ್ನು ನೋಡಿತು. ನಾನು ನಡುವೆ ಹೋಗಿ, "ಹೋಗ್ಲಿ ಬಿಡ್ರಿ" ಎಂದೆ. "ನೀ ಲೂಸ್ ಕೊಡಬ್ಯಾಡ!" ಎಂದು ಅಣ್ಣ ನನ್ನ ಮೇಲೆ ಹರಿಹಾಯ್ದ.

ನೀಲವ್ವ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು, ಹಿಂದೆ ವೈನಿ. ಅವರಿಬ್ಬರ ಮುಖ ನೋಡಿದರೆ ಒಳಗೆ ಎಲ್ಲವೂ ತೀರ್ಮಾನವಾಗಿ, ಚಹಾ ಕುದಿಯಲೆಂದು ಮಾತ್ರ ಕಾದಂತಿತ್ತು.

"ಎರಡೂ ಅರ್ಧರ್ಧ ಸತ್ತಾವು" ಎಂದಳು ವೈನಿ. "ಕೂಡಿಸಿದ್ರ ಒಂದು ಜೀವ ಆಗತೈತಿ. ಇಲ್ಲಂದ್ರ ಎರಡೂ ಗದಿಗೆಪ್ಪನ ಪಾಲು. ಏನ್ ಮಾಡ್ತೀರಿ ಮಾಡ್ರಿ, ಚಾ ಆರತೈತಿ."

"ಕೂಡಸೋದು ಯಾವುದರಾಗ?" ಇಬ್ಬರೂ ಗಂಡಸರು ಒಟ್ಟಿಗೇ ಕೇಳಿದರು.

ಜಗಳದ ಬುಡ ಅದೇ ಆಗಿತ್ತು. ಒಂದು ಎದ್ದರೆ ಇನ್ನೊಂದು ಮಣ್ಣಾಗಬೇಕು. ಉತ್ತರ ಕೊಟ್ಟವಳು ನೀಲವ್ವ. ಗಂಡನಿಗೆ ಬಹಳ ಮೆತ್ತಗೆ ಹೇಳಿದಳು: "ನಮ್ಮದು ಬಾಣಂತನದ ಮನಿ ಆಗೇತಿ ನೋಡ್ರಿ. ಅದನ್ನ ಎಬ್ಬಸಬ್ಯಾಡ್ರಿ. ಹಿಂದಿಂದು ಕೊಡ್ರಿ. ನಿಂತು ತುಕ್ಕು ಹಿಡಿಯೋದಕ್ಕಿಂತ ಒಂದ ಕಡೆ ತಿರುಗ್ಯಾಡಲಿ."

ಚನ್ನಬಸಪ್ಪ ಗಾಡಿಯನ್ನು ಒಂದು ಸುತ್ತು ಬಂದರು. ಬಾಗಿಲು ತೆರೆಯಹೋಗಿ, ಬೆಕ್ಕನ್ನು ಕಂಡು ಬಿಟ್ಟರು. ಕೊನೆಗೆ ಹಿಂದಿನ ಬಾಗಿಲ ಮೇಲೆ ಕೈಯಿಟ್ಟು, "ಇದೂ ಹೋಗಬೇಕು. ನನ್ನ ಹೆಸರು ಬಿಟ್ಟು ನನ್ನ ಹೌಸಿಂಗ್ ಎಲ್ಲೂ ಹೋಗೂದಿಲ್ಲ" ಎಂದರು. ಅವರ ಷರತ್ತು ಇಷ್ಟು: ಒಂದು ವಾರ ಅಗಡಿಯ ಮಾಲು, ಒಂದು ವಾರ ಹಲಗೇರಿಯ ಮಾಲು. ಯಾರದೇ ವಾರವಿದ್ದರೂ ತಾನು ಗಾಡಿಯಲ್ಲಿರಬೇಕು. ಅಣ್ಣ ಕೂಡಲೇ ತಾನೂ ಇರಬೇಕೆಂದ. ಒಬ್ಬರನ್ನೊಬ್ಬರು ನಂಬುವ ಪ್ರಶ್ನೆಯೇ ಇಲ್ಲದ್ದರಿಂದ ಇಬ್ಬರಿಗೂ ಒಬ್ಬ ನಡುವಿನ ಮನುಷ್ಯ ಬೇಕಾಯಿತು. ಎರಡು ಜೊತೆ ಕಣ್ಣು ನನ್ನ ಕಡೆ ತಿರುಗಿದವು.

ಬಿಚ್ಚುವ ದಿನ ನಾನು ಹಲಗೇರಿ ಹುಲಿಯ ಕೆಳಗೆ ಮಲಗಿ ಅಳತೆ ತೆಗೆದೆ. ಈ ಸಲ ಲೂಸು ಕೊಡಲಿಲ್ಲ. ಮತ್ತೆ ಅಳೆದೆ, ಮತ್ತೂ ಅಳೆದೆ. ಟೇಪಿಗೆ ಗ್ರೀಸು ಹತ್ತಿದ್ದು ಆಗಲೇ. ಚನ್ನಬಸಪ್ಪ ಮನೆಯಲ್ಲಿರಲಿಲ್ಲ. "ಹೊಲಕ್ಕ ಹೋಗ್ಯಾರ" ಎಂದಳು ನೀಲವ್ವ. ಹೊಲ ಹಿತ್ತಲಿನ ಆಚೆಗೇ ಇತ್ತು. ಮಿಸ್ತ್ರಿಯ ಸುತ್ತಿಗೆ ಬಿದ್ದಾಗಲೆಲ್ಲ ಬೇಲಿಯಾಚೆ ಒಂದು ರುಮಾಲು ಮೇಲೇಳುತ್ತಿತ್ತು, ಮತ್ತೆ ಕೆಳಗಿಳಿಯುತ್ತಿತ್ತು. ನನಗೆ ಬಹಳ ಕೆಡುಕೆನಿಸಿತು. ಅಣ್ಣನ ಗಾಡಿ ಗುಜರಿಗೆ ಹೋದರೆ ಒಳ್ಳೆಯದೆಂದು ಅಂದುಕೊಂಡಿದ್ದೆನಲ್ಲ, ಗುಜರಿ ಎಂದರೆ ಇದು ಎಂದು ಅಂದು ತಿಳಿಯಿತು.

ಹೌಸಿಂಗ್ ಕೂತಿತು. ಬಡಿಯದೆ, ನೂಕದೆ ಕೂತಿತು. ನನ್ನ ಆಯುಷ್ಯದಲ್ಲಿ ಮೊದಲ ಸಲ ಒಂದು ವಸ್ತು ಅಳತೆಗೆ ಸರಿಯಾಗಿ ಕೂತದ್ದನ್ನು ನೋಡಿದೆ, ಅದೂ ನಾನು ಹೊಲಿದದ್ದಲ್ಲ.

ಈಗ ನಮ್ಮ ಗಾಡಿ ಎದುರಿನಿಂದ ಅಗಡಿ ಹುಲಿ, ಹಿಂದಿನಿಂದ ಹಲಗೇರಿ ಹುಲಿ. ಎದುರು ಬರುವವರು ಒಂದು ಊರಿನವರನ್ನು ಬೈಯುತ್ತಾರೆ, ದಾಟಿಹೋದ ಮೇಲೆ ಇನ್ನೊಂದು ಊರಿನವರನ್ನು ಬೈಯುತ್ತಾರೆ. ಬ್ಯಾಡಗಿ ಮಾರ್ಕೆಟ್ಟಿನ ಹಮಾಲರು ಅದಕ್ಕೆ 'ಬೀಗರ ಗಾಡಿ' ಎಂದು ಹೆಸರಿಟ್ಟಿದ್ದಾರೆ. ಕ್ಯಾಬಿನ್ನಿನಲ್ಲಿ ಇಬ್ಬರ ಜಾಗ. ಬಲಕ್ಕೆ ಸ್ಟೇರಿಂಗ್ ಹಿಡಿದ ಅಣ್ಣ, ಎಡಕ್ಕೆ ಕಿಟಕಿ ಹಿಡಿದ ಚನ್ನಬಸಪ್ಪ. ನಡುವೆ, ಎರಡು ಮೊಣಕಾಲುಗಳ ಮಧ್ಯೆ ಗೇರಿನ ಕೋಲು ಇಟ್ಟುಕೊಂಡು ಅಂಗಡಿ ಮುಚ್ಚಿ ಬಂದ ದರ್ಜಿ. ಮೊದಲ ದಿನ ನಾನು ಬಾಗಿಲ ಬಳಿ ಅನುಮಾನಿಸುತ್ತ ನಿಂತಾಗ ಇಬ್ಬರೂ ಒಂದೊಂದು ಬೆರಳಿನಷ್ಟು ಸರಿದು, "ಹತ್ತು, ಕುಂದರತೈತಿ" ಎಂದರು. ಅವರು ಒಮ್ಮತದಿಂದ ಆಡಿದ ಮೊದಲ ಮಾತು ಅದು. ಅಣ್ಣ ಎರಡನೇ ಗೇರು ಹಾಕಿದಾಗ ನನ್ನ ಎಡಮೊಣಕಾಲಿಗೆ ಪೆಟ್ಟು, ನಾಲ್ಕನೆಯದು ಹಾಕಿದಾಗ ಬಲಕ್ಕೆ.

ತಗ್ಗು ಬಂದಾಗಲೆಲ್ಲ ಚನ್ನಬಸಪ್ಪ, "ಹಗೂರೋ ಈರಣ್ಣಾ, ಹಿಂದ ನಂದೈತಿ" ಎನ್ನುತ್ತಿದ್ದರು. ಅಣ್ಣ, "ಮುಂದ ನಂದೈತ್ರಿ, ನನಗ ಗೊತ್ತಾಗತೈತಿ" ಎನ್ನುತ್ತಿದ್ದ. ಬ್ಯಾಡಗಿಯ ದಾರಿಯಲ್ಲಿ ತಗ್ಗುಗಳಿಗೇನು ಕೊರತೆ? ಸುಗ್ಗಿ ಪೂರ್ತಿ ಇದೇ ಸಂಭಾಷಣೆ ಕೇಳಿದ್ದೇನೆ. "ನಡುವ ನಂದೂ ಐತ್ರಿ" ಎಂದು ನಾನೊಮ್ಮೆ ಹೇಳಿ ನೋಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಗ್ಗಿ ಮುಗಿಯುತ್ತ ಬಂದಿತ್ತು. ಹಲಗೇರಿಯ ವಾರ. ನಾವು ಹೋಗುವಷ್ಟರಲ್ಲಿ ಚೀಲಗಳು ಓಣಿಯಲ್ಲಿ ತಯಾರಿದ್ದವು, ಚನ್ನಬಸಪ್ಪ ಮಾತ್ರ ಹೊಸ ಧೋತ್ರ ಉಟ್ಟು ನಿಂತಿದ್ದರು. "ಬೀಗರಲ್ಲಿ ಮದಿವಿ ಐತಿ, ನಾ ಬರೂದಿಲ್ಲ. ನೀವs ಒಯ್ದು ಕೊಟ್ಟು ಬರ್ರಿ" ಎಂದರು. ಚೀಲ ಹೇರಿಕೊಂಡು ಹೊರಟೆವು. ರಾಣೇಬೆನ್ನೂರು ದಾಟಿತು.

ಬ್ಯಾಡಗಿ ಕ್ರಾಸಿನ ಆ ಹಂಪ್ ಬಂತು. ಅದಕ್ಕೆ ಇನ್ನೂ ಬಣ್ಣ ಬಳಿದಿಲ್ಲ. ಅಣ್ಣ ದೂರದಿಂದಲೇ ವೇಗ ತಗ್ಗಿಸಿದ, ಗೇರು ಇಳಿಸಿದ, ಮುಂದಿನ ಗಾಲಿ ದಾಟಿಸಿ ಉಸಿರು ಹಿಡಿದ. ತನಗೆ ತಾನೇ ಹೇಳಿಕೊಳ್ಳುವವನ ಹಾಗೆ, "ಹಗೂರ... ಹಿಂದ ಚನ್ನಬಸಣ್ಣಂದೈತಿ" ಎಂದ.

ಹಿಂದಿನ ಗಾಲಿಗಳು ಹೂವಿನ ಹಾಗೆ ಇಳಿದವು. ಅಣ್ಣ ಆಮೇಲೆ ನನ್ನ ಕಡೆ ತಿರುಗಿ, ಹುಬ್ಬು ಗಂಟಿಕ್ಕಿದ.

"ಆಕಡೆ ಪೂರಾ ಖಾಲಿ ಐತಲ್ಲೋ. ಸರದು ಆರಾಮ ಕುಂದ್ರಬಾರದೇನು?"

ನೋಡಿದರೆ, ಗೇರಿನ ಕೋಲನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಮೈ ಹಿಡಿ ಮಾಡಿಕೊಂಡು ನಾನು ನಡುವೆಯೇ ಕೂತಿದ್ದೆ. ಎಡಗಡೆ ಒಬ್ಬ ಎತ್ತರದ ಮನುಷ್ಯನಿಗೆ ಸಾಕಾಗುವಷ್ಟು ಜಾಗ ಹಾಗೇ ಉಳಿದಿತ್ತು.

"ಇರಲಿ ಬಿಡಣ್ಣಾ" ಎಂದೆ, "ಕುಂದರತೈತಿ."